ಆರ್ಗಾನ್ ಬೆಳಕಿನ ಬಾಲ ಎಷ್ಟು ಉದ್ದ?

ದ್ರವ ಆರ್ಗಾನ್ ಡಿಟೆಕ್ಟರ್ ತಣ್ಣಗಾಗಿ ಸಿಗ್ನಲ್ ಬರಲು ಶುರುವಾದ ತಕ್ಷಣ ಎಲ್ಲರೂ ಕೇಳುವುದು ಒಂದೇ, ಬೆಳಕು ಎಷ್ಟು ಬಂತು? ನಾನು ಮೊದಲು ನೋಡುವುದು ಬಾಲವನ್ನು, ಅಂದ್ರೆ ಮೊದಲ ಮಿಂಚು ಮುಗಿದ ಮೇಲೂ ನಿಧಾನವಾಗಿ ಬರುತ್ತಲೇ ಇರುವ ಬೆಳಕನ್ನು.

ಆರ್ಗಾನ್ ದ್ರವವಾಗಿರುವುದು ಮೈನಸ್ 186 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ವಿಕಿರಣದ ಕಣವೊಂದು ಒಳನುಗ್ಗಿದರೆ ದಾರಿಯುದ್ದಕ್ಕೂ ಪರಮಾಣುಗಳನ್ನು ಕೆರಳಿಸುತ್ತದೆ. ಕೆರಳಿದ ಪರಮಾಣು ಪಕ್ಕದ್ದರ ಜೊತೆ ಒಂದಿಷ್ಟು ಹೊತ್ತು ಜೋಡಿಯಾಗುತ್ತದೆ, ಆ ಜೋಡಿ ಒಡೆಯುವಾಗ ಬೆಳಕು ಹೊಮ್ಮುತ್ತದೆ. ಬಿಡಿ ಪರಮಾಣುಗಳು ಈ ಬೆಳಕನ್ನು ಹೀರಲಾರವು, ಅದಕ್ಕೇ ಟನ್‌ಗಟ್ಟಲೆ ದ್ರವ ದಾಟಿಯೂ ಹೊರಗೆ ಬರುತ್ತದೆ. ಒಂದು ಎಂಇವಿ (ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟ್) ಶಕ್ತಿಗೆ ಸುಮಾರು 40,000 ಫೋಟಾನ್, ಅಂದ್ರೆ ಬೆಳಕಿನ ಕಣ, ಕಡಿಮೆಯೇನಲ್ಲ. ತಲೆನೋವು ಏನಂದ್ರೆ ಅದರ ತರಂಗಾಂತರ 128 ನ್ಯಾನೊಮೀಟರ್, ಗಾಜಿರಲಿ, ಕ್ವಾರ್ಟ್ಜ್ ಕೂಡ ದಾಟುವುದಿಲ್ಲ. ಹಾಗಾಗಿ ಒಳಮೈಗೆ ಟಿಪಿಬಿ ಎಂಬ ರಾಸಾಯನಿಕದ ತೆಳು ಪದರ ಕೂರಿಸುತ್ತೇವೆ. ಅದು ಈ ಬೆಳಕನ್ನು ಹೀರಿ 420 ನ್ಯಾನೊಮೀಟರ್ ಹತ್ತಿರದ ನೀಲಿಯಾಗಿ ಬಿಡುತ್ತದೆ.

ಈಗ ಬಾಲಕ್ಕೆ ಬರೋಣ. ಜೋಡಿಗಳಲ್ಲಿ ಎರಡು ಬಗೆ. ಸಿಂಗ್ಲೆಟ್ 7 ನ್ಯಾನೊಸೆಕೆಂಡ್ ಹೊತ್ತಿಗೆ ಮುಗಿಯುತ್ತದೆ, ಟ್ರಿಪ್ಲೆಟ್ ನಿಧಾನ, ಸುಮಾರು 1.5 ಮೈಕ್ರೊಸೆಕೆಂಡ್. ಗಾಮಾ ಕಿರಣದಿಂದ ಎಲೆಕ್ಟ್ರಾನ್ ಚಿಮ್ಮಿದರೆ ಬಹುಪಾಲು ಬೆಳಕು ನಿಧಾನದ್ದು, ನ್ಯೂಟ್ರಾನ್ ಬಡಿದು ಆರ್ಗಾನ್ ನ್ಯೂಕ್ಲಿಯಸ್ಸೇ ಚಿಮ್ಮಿದರೆ ಬಹುಪಾಲು ವೇಗದ್ದು. ಒಟ್ಟು ಬೆಳಕಿನಲ್ಲಿ ಮೊದಲ 90 ನ್ಯಾನೊಸೆಕೆಂಡ್‌ನ ಪಾಲು ಎಷ್ಟು ಅಂತ ಲೆಕ್ಕ ಹಾಕಿದರೆ ಬಂದವರು ಯಾರು ಅಂತ ಗೊತ್ತಾಗುತ್ತದೆ. ಇದು ಬೇಕೇ ಬೇಕು, ಯಾಕೆಂದರೆ ಗಾಳಿಯಿಂದ ತೆಗೆದ ಆರ್ಗಾನ್‌ನಲ್ಲಿ ಆರ್ಗಾನ್-39 ಎಂಬ ವಿಕಿರಣಶೀಲ ರೂಪ ಇದ್ದೇ ಇರುತ್ತದೆ, ಕಿಲೋಗೆ ಸೆಕೆಂಡಿಗೆ ಸುಮಾರು ಒಂದು ಬೀಟಾ ಕಣ (ಅದೂ ಎಲೆಕ್ಟ್ರಾನೇ). ಕೆನಡಾದ ಸ್ನೋಲ್ಯಾಬ್ ಎಂಬ ನೆಲದಾಳದ ಪ್ರಯೋಗಾಲಯದಲ್ಲಿರುವ, ಡಾರ್ಕ್ ಮ್ಯಾಟರ್ ಹುಡುಕುವ ಡೀಪ್-3600ರಂಥ ಮೂರು ಟನ್ನಿನ ಡಿಟೆಕ್ಟರ್‌ಗೆ ಅದು ಸೆಕೆಂಡಿಗೆ ಮೂರು ಸಾವಿರ! (ಕ್ಸೆನಾನ್‌ನಲ್ಲಿ ಈ ಉಪಾಯ ಅಷ್ಟಾಗಿ ನಡೆಯುವುದಿಲ್ಲ, ಅಲ್ಲಿ ನಿಧಾನದ ಬೆಳಕೂ ಇಪ್ಪತ್ತು ಚಿಲ್ಲರೆ ನ್ಯಾನೊಸೆಕೆಂಡ್‌ಗೆ ಮುಗಿದುಹೋಗುತ್ತದೆ.)

ನಿಧಾನದ ಜೋಡಿಗೆ ಬದುಕು ಉದ್ದ, ಅಪಾಯವೂ ಜಾಸ್ತಿ. ಹತ್ತು ಲಕ್ಷಕ್ಕೆ ಒಂದೆರಡು ಭಾಗ ಸಾರಜನಕ ಸೇರಿದರೂ ಸಾಕು, ಬೆಳಕು ಬಿಡುವ ಮೊದಲೇ ಜೋಡಿ ತನ್ನ ಶಕ್ತಿಯನ್ನು ಅದಕ್ಕೆ ಕೊಟ್ಟುಬಿಡುತ್ತದೆ. ವೇಗದ ಬೆಳಕು ಹೆಚ್ಚುಕಡಿಮೆ ಹಾಗೇ ಇರುತ್ತದೆ, ಬಾಲ ಮಾತ್ರ ಮೊಟಕಾಗುತ್ತದೆ. ಆಗ ಲೆಕ್ಕದಲ್ಲಿ ಗಾಮಾ ಕೂಡ ನ್ಯೂಟ್ರಾನ್‌ನಂತೆ ಕಾಣತೊಡಗುತ್ತದೆ. ಒಟ್ಟು ಬೆಳಕು ಇಳಿದಿದ್ದನ್ನು ನೋಡಿ ಸುಮ್ನೆ ಸೆನ್ಸರಿನ ವೋಲ್ಟೇಜ್ ಏರಿಸಿದರೆ ಏನೂ ಪ್ರಯೋಜನವಿಲ್ಲ. ಮೊದಲು ಸೋರಿಕೆ ಹುಡುಕಿ. ಆಮೇಲೆ ಶುದ್ಧೀಕರಣ, ಆದರೆ ತಾಮ್ರದ ಫಿಲ್ಟರ್ ಆಮ್ಲಜನಕವನ್ನಷ್ಟೇ ಹಿಡಿಯುತ್ತದೆ, ಸಾರಜನಕಕ್ಕೆ ಆರ್ಗಾನ್ ಅನಿಲವನ್ನು ಕಾದ ಜಿರ್ಕೋನಿಯಂ ಗೆಟರ್ (ಕಲ್ಮಶ ಹೀರುವ ಲೋಹ) ಮೂಲಕ ಹಾಯಿಸಲೇಬೇಕು.