ಆರ್‌ಎಫ್ (ರೇಡಿಯೊ ಫ್ರೀಕ್ವೆನ್ಸಿ) ಹಾರ್ಡ್‌ವೇರ್ ಸಂದರ್ಶನಕ್ಕೆ ತಯಾರಿ: ಒಂದೇ ರಿಸೀವರ್ ಚಿತ್ರದಿಂದ

ಸೂತ್ರಗಳ ಪಟ್ಟಿಯನ್ನು ಉರುಹೊಡೆಯುವ ಬದಲು ಒಂದು ರಿಸೀವರ್‌ನ ಬ್ಲಾಕ್ ಚಿತ್ರ ಬರೆದುಕೊಳ್ಳಿ: ಆಂಟೆನಾ, ಬ್ಯಾಂಡ್‌ಪಾಸ್ ಫಿಲ್ಟರ್, ಎಲ್‌ಎನ್‌ಎ (ಕಡಿಮೆ ನಾಯ್ಸ್‌ನ ಆಂಪ್ಲಿಫೈಯರ್), ಮಿಕ್ಸರ್ (ಸಿಗ್ನಲ್‌ನ ಫ್ರೀಕ್ವೆನ್ಸಿ ಬದಲಿಸುವ ಬ್ಲಾಕ್), ಐಎಫ್ (ಮಧ್ಯಂತರ ಫ್ರೀಕ್ವೆನ್ಸಿ) ಫಿಲ್ಟರ್, ಎಡಿಸಿ (ಅನಲಾಗ್‌ನಿಂದ ಡಿಜಿಟಲ್‌ಗೆ ಬದಲಿಸುವ ಬ್ಲಾಕ್). ಪ್ರತಿ ಬ್ಲಾಕಿನ ಮೇಲೆ ಗೇನ್, ನಾಯ್ಸ್ ಫಿಗರ್ (ಬ್ಲಾಕ್ ಎಷ್ಟು ನಾಯ್ಸ್ ಸೇರಿಸುತ್ತದೆ ಎಂಬ ಅಳತೆ), ಐಪಿ3 (ಬಲವಾದ ಸಿಗ್ನಲ್‌ಗಳಿಗೆ ಎಷ್ಟು ವಿಕೃತಿ ಇಲ್ಲದೆ ನಿಲ್ಲುತ್ತದೆ ಎಂಬ ಅಳತೆ) ಅಂಕಿಗಳನ್ನು ಹಾಕಿ. ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ಈ ಸಾಲಿನ ಒಂದಲ್ಲ ಒಂದು ಕಡೆಯಿಂದ ಹುಟ್ಟುತ್ತವೆ.

ಡಿಬಿ ಲೆಕ್ಕ

ಇದು ಕ್ಯಾಲ್ಕುಲೇಟರ್ ಇಲ್ಲದೆ ಬಾಯಲ್ಲೇ ಬರಬೇಕು. 3 ಡಿಬಿ ಎಂದರೆ ಪವರ್ ಎರಡು ಪಟ್ಟು, 10 ಡಿಬಿ ಎಂದರೆ ಹತ್ತು ಪಟ್ಟು. 0 ಡಿಬಿಎಂ 1 ಮಿಲಿವ್ಯಾಟ್, 30 ಡಿಬಿಎಂ 1 ವ್ಯಾಟ್. 17 ಡಿಬಿಎಂ ಎಷ್ಟು? 20 ಡಿಬಿಎಂ ಅಂದರೆ 100 ಮಿಲಿವ್ಯಾಟ್, ಅದರ ಅರ್ಧ 50. 10 ಡಿಬಿಎಂನ ಎರಡು ಬೇರೆ ಬೇರೆ ಸಿಗ್ನಲ್‌ಗಳ ಒಟ್ಟು ಪವರ್ 13 ಡಿಬಿಎಂ. ಗಡಿಬಿಡಿಯಲ್ಲಿ 20 ಎಂದುಬಿಡುವವರು ಕಡಿಮೆಯಿಲ್ಲ.

ನಾಯ್ಸ್

ಹೆಚ್ಚು ಹೊತ್ತು ಕೊಡಬೇಕಾದ ಭಾಗ ಇದು. 290 ಕೆಲ್ವಿನ್‌ನಲ್ಲಿ ಉಷ್ಣ ನಾಯ್ಸ್ ಪ್ರತಿ ಹರ್ಟ್ಜ್‌ಗೆ -174 ಡಿಬಿಎಂ. ಬ್ಯಾಂಡ್‌ವಿಡ್ತ್ 1 ಮೆಗಾಹರ್ಟ್ಜ್ ಆದರೆ ಅದಕ್ಕೆ 60 ಕೂಡಿಸಿ. ರಿಸೀವರ್ ನಾಯ್ಸ್ ಫಿಗರ್ 4 ಡಿಬಿ, ಬೇಕಾದ ಎಸ್‌ಎನ್‌ಆರ್ (ಸಿಗ್ನಲ್-ನಾಯ್ಸ್ ಅನುಪಾತ) 10 ಡಿಬಿ ಇದ್ದರೆ ಸೆನ್ಸಿಟಿವಿಟಿ, ಅಂದರೆ ಹಿಡಿಯಬಲ್ಲ ಅತಿ ಕಡಿಮೆ ಸಿಗ್ನಲ್ ಮಟ್ಟ, -100 ಡಿಬಿಎಂ.

ಆ 4 ಡಿಬಿ ಎಲ್ಲಿಂದ ಬಂತು ಎಂಬುದು ಮುಂದಿನ ಪ್ರಶ್ನೆ. ಎಲ್‌ಎನ್‌ಎ ಗೇನ್ 15 ಡಿಬಿ, ನಾಯ್ಸ್ ಫಿಗರ್ 1 ಡಿಬಿ. ಮಿಕ್ಸರ್‌ನದು 10 ಡಿಬಿ ಎಂದಿಟ್ಟುಕೊಳ್ಳಿ. ಸಾಲಿನ ಒಟ್ಟು ನಾಯ್ಸ್ ಫಿಗರ್ ಕೊಡುವ ಫ್ರೀಸ್ ಸೂತ್ರಕ್ಕೆ ಡಿಬಿ ಅಂಕಿ ಹಾಕಬಾರದು, ಅನುಪಾತಕ್ಕೆ ಬದಲಿಸಿ: 1.26 + (10 − 1)/31.6 = 1.54, ಅಂದರೆ 1.9 ಡಿಬಿ. ಎಲ್‌ಎನ್‌ಎಗೆ ಮೊದಲು 2 ಡಿಬಿ ನಷ್ಟದ ಫಿಲ್ಟರ್ ಇಟ್ಟರೆ ಆ ನಷ್ಟ ನೇರವಾಗಿ ಸೇರಿ ಒಟ್ಟು 3.9 ಡಿಬಿ ಆಗುತ್ತದೆ. ಅದೇ ಫಿಲ್ಟರ್ ಎಲ್‌ಎನ್‌ಎ ನಂತರ ಬಂದರೆ ಒಟ್ಟು ಸುಮಾರು 2.4 ಡಿಬಿ.

ಹಾಗಾದರೆ ಫಿಲ್ಟರನ್ನು ಮುಂದೆ ಏಕೆ ಇಡುತ್ತಾರೆ? ಬ್ಯಾಂಡಿನ ಹೊರಗಿನ ಬಲವಾದ ಸಿಗ್ನಲ್ ಎಲ್‌ಎನ್‌ಎಯನ್ನು ಕಂಪ್ರೆಷನ್‌ಗೆ (ಗೇನ್ ಕುಗ್ಗುವ ಸ್ಥಿತಿಗೆ) ತಳ್ಳಿದರೆ ಒಳ್ಳೆಯ ನಾಯ್ಸ್ ಫಿಗರ್ ಇದ್ದೂ ಪ್ರಯೋಜನವಿಲ್ಲ. ಈ ಕೊಡುಕೊಳ್ಳುವಿಕೆಯನ್ನು ಅಂಕಿ ಸಮೇತ ಹೇಳಿದರೆ ಸೂತ್ರ ಬರೆದು ತೋರಿಸುವುದಕ್ಕಿಂತ ಹೆಚ್ಚು ಬೆಲೆ.

ಇದರ ಬೆನ್ನಿಗೇ ಇಮೇಜ್, ಅಂದರೆ ಮಿಕ್ಸರ್‌ನಲ್ಲಿ ಅದೇ ಐಎಫ್‌ಗೆ ಬಂದು ಬೀಳುವ ಇನ್ನೊಂದು ಫ್ರೀಕ್ವೆನ್ಸಿ, ಬರುತ್ತದೆ. ಸಿಗ್ನಲ್ 2400, ಎಲ್‌ಒ (ಮಿಕ್ಸರ್‌ಗೆ ಕೊಡುವ ಲೋಕಲ್ ಆಸಿಲೇಟರ್) 2260 ಮೆಗಾಹರ್ಟ್ಜ್ ಆದರೆ ಐಎಫ್ 140, ಇಮೇಜ್ 2120. ಎಲ್‌ಎನ್‌ಎಗೆ ಮೊದಲಿನ ಫಿಲ್ಟರ್ ಹೊರಗಿನ ಇಮೇಜ್ ಸಿಗ್ನಲನ್ನು ತಡೆಯುತ್ತದೆ ನಿಜ, ಆದರೆ 2120ರಲ್ಲಿ ಎಲ್‌ಎನ್‌ಎ ತಾನೇ ಹುಟ್ಟಿಸುವ ನಾಯ್ಸ್? ಎಲ್‌ಎನ್‌ಎ ಮತ್ತು ಮಿಕ್ಸರ್ ನಡುವೆ ಇನ್ನೊಂದು ಫಿಲ್ಟರ್ ಇಲ್ಲದಿದ್ದರೆ ಅದೂ ಐಎಫ್ ಮೇಲೆ ಬಂದು ಕೂರುತ್ತದೆ. ಓದಿದವರೂ ಇಲ್ಲಿ ಎಡವುತ್ತಾರೆ.

ಐಪಿ3

900 ಮತ್ತು 901 ಮೆಗಾಹರ್ಟ್ಜ್‌ನ ಎರಡು ಟೋನ್ ಕೊಟ್ಟರೆ ಮೂರನೇ ದರ್ಜೆಯ ಉತ್ಪನ್ನಗಳು 899 ಮತ್ತು 902ರಲ್ಲಿ ಬರುತ್ತವೆ. ಔಟ್‌ಪುಟ್‌ನಲ್ಲಿ ಟೋನ್‌ಗಳು ತಲಾ 0 ಡಿಬಿಎಂ, ಉತ್ಪನ್ನ -40 ಡಿಬಿಎಂ ಇದ್ದರೆ ಔಟ್‌ಪುಟ್ ಐಪಿ3 = 0 + 40/2 = 20 ಡಿಬಿಎಂ. ಅಳೆದದ್ದು ಸಾಧನದ್ದೋ ಸ್ಪೆಕ್ಟ್ರಮ್ ಅನಲೈಸರ್‌ನದ್ದೋ ಎಂಬ ಅನುಮಾನಕ್ಕೆ ಅನಲೈಸರ್‌ನ ಇನ್‌ಪುಟ್ ಅಟೆನ್ಯುಯೇಟರ್ 10 ಡಿಬಿ ಹೆಚ್ಚಿಸಿ ನೋಡಿ. ತೋರುವ ಮಟ್ಟ ಇಳಿದರೆ ಉತ್ಪನ್ನ ಅನಲೈಸರ್ ಒಳಗೇ ಹುಟ್ಟುತ್ತಿದೆ.

ಮ್ಯಾಚಿಂಗ್

50 ಓಮ್ ಲೈನಿಗೆ 75 ಓಮ್ ಲೋಡ್: ಪ್ರತಿಫಲನ ಗುಣಾಂಕ 25/125 = 0.2, ರಿಟರ್ನ್ ಲಾಸ್ (ಹಿಂತಿರುಗುವ ಪವರ್ ಎಷ್ಟು ಕಡಿಮೆ ಎಂಬುದು) 14 ಡಿಬಿ, ವಿಎಸ್‌ಡಬ್ಲ್ಯುಆರ್ (ಲೈನಿನ ಸ್ಥಾಯಿ ಅಲೆಯ ಅನುಪಾತ) 1.5. ಸ್ಮಿತ್ ಚಾರ್ಟ್‌ನಲ್ಲಿ (ಇಂಪಿಡೆನ್ಸ್ ಗುರುತಿಸುವ ವೃತ್ತಾಕಾರದ ನಕ್ಷೆ) ಸೀರೀಸ್ ಇಂಡಕ್ಟರ್, ಶಂಟ್ ಕೆಪಾಸಿಟರ್ ಯಾವ ಕಡೆ ಚಲಿಸುತ್ತವೆ ಎಂಬುದು ಕೈಗೆ ಬರಬೇಕು. 1 ಗಿಗಾಹರ್ಟ್ಜ್‌ನಲ್ಲಿ 50 ಓಮ್‌ನಿಂದ 200 ಓಮ್‌ಗೆ ಎಲ್ ಮ್ಯಾಚ್ ಮಾಡಿ ಎಂದರೆ: ಕ್ಯೂ = √(200/50 − 1) = 1.73. 50 ಓಮ್ ಬದಿಗೆ ಸೀರೀಸ್ 86.6 ಓಮ್, ಅಂದರೆ 13.8 ನ್ಯಾನೊಹೆನ್ರಿ. 200 ಓಮ್ ಬದಿಗೆ ಶಂಟ್ 115.5 ಓಮ್, ಅಂದರೆ 1.38 ಪಿಕೊಫ್ಯಾರಡ್. ಲೆಕ್ಕ ಇಷ್ಟಕ್ಕೇ ಮುಗಿದರೂ ಬೋರ್ಡ್ ಮೇಲೆ ಇದು ಹೀಗೇ ಬರುವುದಿಲ್ಲ ಎಂದೂ ಹೇಳಿ. ಪ್ಯಾಡ್‌ನ ಕೆಪಾಸಿಟೆನ್ಸ್, ಗ್ರೌಂಡ್ ವಯಾದ ಇಂಡಕ್ಟೆನ್ಸ್ ಸೇರಿಕೊಳ್ಳುತ್ತವೆ. 100 ಪಿಕೊಫ್ಯಾರಡ್ ಕೆಪಾಸಿಟರ್‌ಗೆ 0.5 ನ್ಯಾನೊಹೆನ್ರಿ ಅಂಟಿಕೊಂಡರೆ ಸುಮಾರು 710 ಮೆಗಾಹರ್ಟ್ಜ್‌ನಲ್ಲೇ ರೆಸೊನೆನ್ಸ್. ಅದರಾಚೆ ಅದು ಇಂಡಕ್ಟರ್‌ನಂತೆ ವರ್ತಿಸುತ್ತದೆ.

ಲ್ಯಾಬ್ ಪ್ರಶ್ನೆಗಳು

ವಿಎನ್‌ಎ (ವೆಕ್ಟರ್ ನೆಟ್‌ವರ್ಕ್ ಅನಲೈಸರ್) ಬಗ್ಗೆ ಕೇಳದೆ ಬಿಡುವುದು ಅಪರೂಪ. ಫ್ರೀಕ್ವೆನ್ಸಿ ವ್ಯಾಪ್ತಿ, ಪೋರ್ಟ್ ಪವರ್, ಐಎಫ್ ಬ್ಯಾಂಡ್‌ವಿಡ್ತ್ ಮೊದಲು ನಿಗದಿ ಮಾಡಿ, ಆಮೇಲೆ ಶಾರ್ಟ್, ಓಪನ್, ಲೋಡ್, ಥ್ರೂ ಕ್ಯಾಲಿಬ್ರೇಷನ್ ಮಾಡಿ. ಮೆನುವಿನಲ್ಲಿ ಬೇರೆ ಕ್ಯಾಲಿಬ್ರೇಷನ್ ಕಿಟ್ ಆಯ್ಕೆಯಾಗಿದ್ದರೆ ಫೇಸ್ ತಪ್ಪುತ್ತದೆ. ಎಸ್‌ಎಂಎ ಕನೆಕ್ಟರ್ ಬಿಗಿಸುವಾಗ ನಟ್ ಮಾತ್ರ ತಿರುಗಬೇಕು. ಕನೆಕ್ಟರ್‌ನ ಮೈಯೇ ತಿರುಗಿದರೆ ಪಿನ್ ಸವೆಯುತ್ತದೆ. ಆಂಪ್ಲಿಫೈಯರ್ ಅಳೆಯುವಾಗ ಪೋರ್ಟ್ 1ರ ಪವರ್ ಇಳಿಸಿ, ಔಟ್‌ಪುಟ್ ಹೆಚ್ಚಿದ್ದರೆ ಪೋರ್ಟ್ 2ಕ್ಕೆ ಅಟೆನ್ಯುಯೇಟರ್ ಹಾಕಿ, ಅದನ್ನೂ ಸೇರಿಸಿಯೇ ಕ್ಯಾಲಿಬ್ರೇಟ್ ಮಾಡಿ. ಸ್ಪೆಕ್ಟ್ರಮ್ ಅನಲೈಸರ್‌ನಲ್ಲಿ ಆರ್‌ಬಿಡಬ್ಲ್ಯು (ರೆಸಲ್ಯೂಷನ್ ಬ್ಯಾಂಡ್‌ವಿಡ್ತ್) ಹತ್ತು ಪಟ್ಟು ಇಳಿಸಿದರೆ ನಾಯ್ಸ್ ಫ್ಲೋರ್ 10 ಡಿಬಿ ಇಳಿಯುತ್ತದೆ, ಸ್ವೀಪ್ ನಿಧಾನವಾಗುತ್ತದೆ.

ಇನ್ನು "15 ಡಿಬಿ ಕೊಡಬೇಕಾದ ಎಲ್‌ಎನ್‌ಎ 6 ಡಿಬಿ ಕೊಡುತ್ತಿದೆ, ಏನು ಮಾಡುತ್ತೀರಿ?" ಎಂಬ ಬಗೆಯ ಪ್ರಶ್ನೆ. ಇಲ್ಲಿ ಉತ್ತರಕ್ಕಿಂತ ಹುಡುಕುವ ಕ್ರಮವನ್ನು ನೋಡುತ್ತಾರೆ. ಮೊದಲು ಬಯಾಸ್ ವೋಲ್ಟೇಜ್ ಮತ್ತು ಡಿಸಿ ಕರೆಂಟನ್ನು ಡೇಟಾಶೀಟ್ ಜೊತೆ ಹೋಲಿಸಿ. ನಂತರ ಇನ್‌ಪುಟ್ ಪವರ್ 10 ಡಿಬಿ ಇಳಿಸಿ. ಗೇನ್ ಏರಿದರೆ ಅದು ಕಂಪ್ರೆಷನ್. ಆಮೇಲೆ ಇನ್‌ಪುಟ್‌ಗೆ 50 ಓಮ್ ಟರ್ಮಿನೇಷನ್ ಹಾಕಿ, ಅಗಲ ಸ್ಪ್ಯಾನ್‌ನಲ್ಲಿ ಔಟ್‌ಪುಟ್ ನೋಡಿ. ಬ್ಯಾಂಡಿನಿಂದ ದೂರ ಎಲ್ಲೋ ಒಂದು ಟೋನ್ ಕಂಡರೆ ಆಸಿಲೇಷನ್ ಆಗುತ್ತಿದೆ. ಸ್ಥಿರತೆಯ ಕೆ ಅಂಶವನ್ನು ಕೆಲಸದ ಬ್ಯಾಂಡಿನಲ್ಲಿ ಮಾತ್ರ ನೋಡಿ ಸುಮ್ಮನಾದರೆ ಆಗುವುದು ಇದೇ. ಮೂರರಲ್ಲೂ ಏನೂ ಸಿಗದಿದ್ದರೆ ಮಾತ್ರ ಮ್ಯಾಚಿಂಗ್‌ನ ಬಿಡಿಭಾಗಗಳ ಮೌಲ್ಯಗಳನ್ನೂ ಬೆಸುಗೆಯನ್ನೂ ಪರೀಕ್ಷಿಸಿ.