ಬೋರ್ ನೀರು ಕುದಿಸಿದರೆ ಆರ್ಸೆನಿಕ್ ಹೋಗುತ್ತಾ?

ಪ್ರಶ್ನೆ: ನಮ್ಮದು ಹೊಸನಗರದ ಕಡೆ. ಎಂಟು ವರ್ಷದಿಂದ ಬೋರ್ ನೀರೇ ಕುಡಿಯುತ್ತಿದ್ದೇವೆ, ನೀರು ಸ್ವಲ್ಪ ಕೆಂಪು. ಅಪ್ಪನ ಅಂಗೈ ದೊರಗಾಗಿ ಗಂಟು ಕಟ್ಟಿದೆ. ನೀರಿನ ಆರ್ಸೆನಿಕ್‌ನಿಂದ ಹೀಗಾಗುತ್ತೆ ಅಂತ ಯಾರೋ ಹೇಳಿದರು. ಕುದಿಸಿ ಕುಡಿದರೆ ಸಾಕಾ?

ಉತ್ತರ: ಸಾಕಾಗಲ್ಲ. ಕುದಿಸಿದರೆ ಸಾಯೋದಕ್ಕೆ ಆರ್ಸೆನಿಕ್ ಕ್ರಿಮಿಯಲ್ಲ. ನೀರು ಆವಿಯಾಗುತ್ತದೆ, ಆರ್ಸೆನಿಕ್ ಪಾತ್ರೆಯಲ್ಲೇ ಉಳಿಯುತ್ತದೆ, ಅಂದರೆ ಉಳಿದ ನೀರಿನಲ್ಲಿ ಅದರ ಅಂಶ ಸ್ವಲ್ಪ ಜಾಸ್ತಿಯೇ ಆಗುತ್ತದೆ. ಬಟ್ಟೆಯಲ್ಲಿ ಸೋಸಿದರೂ, ಬರೀ ಯುವಿ ಫಿಲ್ಟರ್ ಹಾಕಿದರೂ ಅಷ್ಟೇ.

ಕೆಂಪು ಬಣ್ಣ ಸಾಮಾನ್ಯವಾಗಿ ಕಬ್ಬಿಣದ್ದು. ಬಿಳಿ ಪಂಚೆ ಒಗೆದರೆ ಹಳದಿ ಹಿಡಿಯುತ್ತಲ್ಲ, ಅದೇ. ಆರ್ಸೆನಿಕ್‌ಗೆ ಬಣ್ಣ, ವಾಸನೆ, ರುಚಿ ಏನೂ ಇಲ್ಲ. ಹಿಂದಿನವರು ಪಾಷಾಣ ಅನ್ನುತ್ತಿದ್ದರಲ್ಲ, ಆ ಜಾತಿಯದ್ದು. ಚೂರುಚೂರೇ ಹೊಟ್ಟೆಗೆ ಹೋಗುತ್ತಿದ್ದರೆ ವರ್ಷಗಟ್ಟಲೆ ಗೊತ್ತೇ ಆಗಲ್ಲ, ಸಾಮಾನ್ಯವಾಗಿ ಐದು ವರ್ಷ ದಾಟಿದ ಮೇಲೆ ಚರ್ಮದಲ್ಲಿ ಕಾಣಿಸಿಕೊಳ್ಳುತ್ತದೆ.

ಈಗ ಅಪ್ಪನ ಕೈ. ಅವರು ಅಡಿಕೆ ಸುಲಿಯುತ್ತಾರಾ? ನಮ್ಮ ದೊಡ್ಡಪ್ಪ ನಲವತ್ತು ವರ್ಷ ಮೆಟ್ಟುಗತ್ತಿ ಮುಂದೆ ಕೂತವರು. ಹೆಬ್ಬೆರಳ ಬುಡದಲ್ಲಿ ಜಡ್ಡು, ಬಿರುಕಿನಲ್ಲೆಲ್ಲ ಚೊಗರಿನ ಕಪ್ಪು. ಅದು ಉಜ್ಜುವ ಜಾಗದಲ್ಲಿ ಮಾತ್ರ ಇತ್ತು. ಆರ್ಸೆನಿಕ್‌ನದ್ದು ಹಾಗಲ್ಲ. ಎರಡೂ ಅಂಗೈ, ಎರಡೂ ಅಂಗಾಲಿನಲ್ಲಿ ಸಣ್ಣ ಗಟ್ಟಿ ಕಾಳಿನಂಥ ಗಂಟು ಏಳುತ್ತದೆ, ಏನೂ ಉಜ್ಜದ ಕಡೆಯೂ. ಜೊತೆಗೆ ಎದೆ, ಬೆನ್ನಿನ ಮೇಲೆ ಕಪ್ಪು ಚುಕ್ಕೆ, ನಡುನಡುವೆ ಬಿಳಿ ಚುಕ್ಕೆ, ಧೂಳಿನ ಮೇಲೆ ಮಳೆ ಹನಿ ಬಿದ್ದ ಹಾಗೆ. ಇದು ಅಂಟುವ ರೋಗ ಅಲ್ಲ. ಒಂದೇ ನೀರು ಕುಡಿದವರಲ್ಲಿ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬರದೆಯೂ ಇರಬಹುದು. (ಅಡಿಕೆಗೆ ಹೊಡೆಯುವ ಮೈಲುತುತ್ತದ ಮೇಲೂ ಅನುಮಾನ ಬೇಡ, ಅದು ತಾಮ್ರದ್ದು, ಆರ್ಸೆನಿಕ್ ಅಲ್ಲ.)

ಪಶ್ಚಿಮ ಬಂಗಾಳದಲ್ಲಿ 1983ರಲ್ಲಿ ಇಂಥ ರೋಗಿಗಳು ಗುರುತಿಗೆ ಸಿಕ್ಕರು, ಕೊಳವೆಬಾವಿ ನೀರು ಕುಡಿದವರು. ನಮ್ಮ ರಾಜ್ಯದಲ್ಲಿ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ ಸಿಕ್ಕಿದ್ದಾರೆ, ಅದು ಹಳೇ ಚಿನ್ನದ ಗಣಿಯ ಸೀಮೆ, ಅಲ್ಲಿನ ಬಂಡೆಯಲ್ಲೇ ಆರ್ಸೆನಿಕ್ ಇದೆ. ಹಾಗಂತ ಮಲೆನಾಡಿನವರು ಸುಮ್ನೆ ಕೂರುವುದು ಬೇಡ. ಬೋರ್ ನೀರನ್ನು ಲ್ಯಾಬಿಗೆ ಕೊಡಿ, ಕೊಡುವಾಗ ಆರ್ಸೆನಿಕ್ ಅಂತ ಹೆಸರು ಹೇಳಿಯೇ ಕೇಳಿ, ಇಲ್ಲದಿದ್ದರೆ ಗಡಸು, ಕಬ್ಬಿಣ ನೋಡಿ ಕಳಿಸಿಬಿಡಬಹುದು. ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಸಾವಿರ ಲೀಟರ್ ಟ್ಯಾಂಕಿಗೆ ಹೆಚ್ಚುಕಡಿಮೆ ಅರ್ಧ ಅಕ್ಕಿಕಾಳಿನ ತೂಕ, ಅಷ್ಟೇ!

ಜಾಸ್ತಿ ಬಂದರೆ ಆ ನೀರು ಕುಡಿಯಲಿಕ್ಕೂ ಬೇಡ, ಅನ್ನಕ್ಕೂ ಬೇಡ. ಸ್ನಾನ, ಬಟ್ಟೆಗೆ ಪರವಾಗಿಲ್ಲ. ಇದನ್ನು ಪೂರ್ತಿ ವಾಸಿ ಮಾಡುವ ಮಾತ್ರೆ ಇಲ್ಲ, ನೀರು ಬದಲಿಸುವುದೇ ಮೊದಲ ಚಿಕಿತ್ಸೆ. ಕಲೆ ನಿಧಾನಕ್ಕೆ ತಿಳಿಯಾಗಬಹುದು, ಗಂಟು ಅಷ್ಟು ಸುಲಭಕ್ಕೆ ಹೋಗಲ್ಲ, ಮುಲಾಮಿನಿಂದ ಮೆತ್ತಗಾಗುತ್ತದೆ. ಗಂಟು ದೊಡ್ಡದಾಗುತ್ತಿದ್ದರೆ, ಒಡೆದು ಮಾಯದಿದ್ದರೆ ತಡ ಮಾಡಬೇಡಿ, ಕೆಲವರಲ್ಲಿ ಅದು ಕ್ಯಾನ್ಸರ್‌ಗೆ ತಿರುಗುತ್ತದೆ.

ಲ್ಯಾಬಿನ ಉತ್ತರಕ್ಕೆ ಕಾಯದೆ ಅಪ್ಪನನ್ನು ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಬರೀ ಕೈ ಚಾಚಿ ವಾಪಸ್ ಬರಬೇಡಿ, ಅಂಗಿ ಬಿಚ್ಚಿಸಿ ಬೆನ್ನೂ ತೋರಿಸಿ, ಅಂಗಾಲೂ ತೋರಿಸಿ.