ಕಣ್ಣು ಕಾಣದ ಮಗನಿಗೆ ಯಾವ ಕೀಬೋರ್ಡ್ ಕೊಡಿಸಬೇಕು?

ಪ್ರಶ್ನೆ: ನಾವು ಡೊಂಬಿವಲಿಯಲ್ಲಿದ್ದೇವೆ. ಮಗನಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಹಾರ್ಮೋನಿಯಂ ಚೆನ್ನಾಗಿ ನುಡಿಸುತ್ತಾನೆ, ನಮ್ಮ ಭಜನಾ ಮಂಡಳಿಯಲ್ಲಿ ಅವನೇ ಖಾಯಂ. ಈಗ ಎಲೆಕ್ಟ್ರಾನಿಕ್ ಕೀಬೋರ್ಡ್ ಬೇಕು ಅನ್ನುತ್ತಿದ್ದಾನೆ. ಸ್ಕ್ರೀನ್ ನೋಡದೆ ಒಬ್ಬನೇ ನಡೆಸಲು ಆಗುತ್ತದೆಯೇ? ಯಾವುದು ಕೊಳ್ಳಬೇಕು?

ಉತ್ತರ: ಆಗುತ್ತದೆ. ಆದರೆ ಅಂಗಡಿಯವರು ಮುಂದಿಟ್ಟದ್ದನ್ನು ತಂದರೆ ಆಗುವುದಿಲ್ಲ.

ಈ ಪ್ರಶ್ನೆ ಮುಂಬೈ, ಪುಣೆಯ ಕನ್ನಡ ಮನೆಗಳಿಂದ ಆಗಾಗ ಬರುತ್ತದೆ. ಹೆಚ್ಚಿನವರ ಚಿಂತೆ ಕಪ್ಪು-ಬಿಳಿ ಕೀಗಳದ್ದು. ಅದು ಚಿಂತೆಯೇ ಅಲ್ಲ. ಎರಡು ಕಪ್ಪು, ಮೂರು ಕಪ್ಪು, ಮತ್ತೆ ಎರಡು ಕಪ್ಪು, ಈ ಗುಂಪುಗಳನ್ನು ಬೆರಳೇ ಗುರುತು ಹಿಡಿಯುತ್ತದೆ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳಿಗೂ ಪುಟ್ಟರಾಜ ಗವಾಯಿಗಳಿಗೂ ಕಣ್ಣು ಕಾಣುತ್ತಿರಲಿಲ್ಲ ಅನ್ನುವುದು ನಿಮಗೆ ಗೊತ್ತೇ ಇದೆ. ಇಲ್ಲಿ ಮುಂಬೈಯಲ್ಲೇ ಕಣ್ಣು ಕಾಣದ ರವೀಂದ್ರ ಜೈನ್ ಸಿನಿಮಾ ಹಾಡುಗಳಿಗೆ ರಾಗ ಹಾಕಿದರು. ಹಾರ್ಮೋನಿಯಂನಲ್ಲಿ ಮುಚ್ಚಿಟ್ಟದ್ದು ಏನೂ ಇಲ್ಲ. ಸ್ಟಾಪರ್ ಎಳೆದಿದೆಯೋ ಒತ್ತಿದೆಯೋ, ಕೈಯಿಟ್ಟರೆ ತಿಳಿಯುತ್ತದೆ.

ಎಲೆಕ್ಟ್ರಾನಿಕ್ ಕೀಬೋರ್ಡಿನ ಕಥೆ ಬೇರೆ. ಈಗ ಯಾವ ಸೌಂಡ್, ಯಾವ ತಾಳ, ಎಷ್ಟು ಟ್ರಾನ್ಸ್‌ಪೋಸ್ (ಅಂದರೆ ಇಡೀ ಕೀಬೋರ್ಡಿನ ಶ್ರುತಿಯನ್ನು ಏರಿಸುವುದು, ಇಳಿಸುವುದು), ಎಲ್ಲವನ್ನೂ ಅದು ಒಂದು ಪುಟ್ಟ ಸ್ಕ್ರೀನಿಗೆ ಮಾತ್ರ ಹೇಳುತ್ತದೆ. ಇದು ಇವತ್ತಿನ ರೋಗವಲ್ಲ. 1983ರಲ್ಲಿ ಬಂದ ಯಮಹಾ ಡಿಎಕ್ಸ್7ನಲ್ಲೇ ಬಟನ್‌ಗಳು ಸಪಾಟಾಗಿದ್ದವು, ಮಾಹಿತಿಯೆಲ್ಲ ಎರಡು ಸಾಲಿನ ಸ್ಕ್ರೀನಿನಲ್ಲಿತ್ತು. ಈಗ ಟಚ್‌ಸ್ಕ್ರೀನ್ ಬಂದಿದೆ, ಅಲ್ಲಿ ಬೆರಳಿಗೆ ಸಿಗುವುದು ಬರೀ ಗಾಜು. ಇನ್ನೊಂದು ಕಾಟ ಎಂದರೆ ಕೊನೆಯಿಲ್ಲದೆ ತಿರುಗುವ ಡಯಲ್. ಅದು ಎಲ್ಲೂ ನಿಲ್ಲುವುದಿಲ್ಲ, ಹಾಗಾಗಿ ಎಲ್ಲಿದ್ದೇವೆ ಅನ್ನುವುದೇ ತಿಳಿಯುವುದಿಲ್ಲ.

ಆದ್ದರಿಂದ ನನ್ನ ಸಲಹೆ ಇಷ್ಟು: ಸೌಂಡ್ ಎಷ್ಟಿವೆ ಅಂತ ಎಣಿಸಬೇಡಿ, ಬಟನ್ ಮುಟ್ಟಿ ನೋಡಿ. ನೀವಲ್ಲ, ಮಗ ಮುಟ್ಟಿ ನೋಡಲಿ. ಧೋಬಿ ತಲಾವ್ ಕಡೆ ಸಂಗೀತದ ಅಂಗಡಿಗಳಿವೆ, ಸಿಎಸ್‌ಎಂಟಿ ಸ್ಟೇಷನ್ನಿನಲ್ಲಿ ಇಳಿದರೆ ನಡೆದೇ ಹೋಗಬಹುದು. ಮಧ್ಯಾಹ್ನ ಗಿರಾಕಿಗಳು ಕಡಿಮೆ ಇರುವಾಗ ಅವನನ್ನು ಕರೆದುಕೊಂಡು ಹೋಗಿ. ಅಂಗಡಿಯವರು ಡೆಮೊ ಬಾರಿಸಿ ಮರುಳು ಮಾಡುತ್ತಾರೆ, ಅದನ್ನು ಸುಮ್ನೆ ಕೇಳಿ ಬಿಟ್ಟುಬಿಡಿ.

ಮೊದಲು ಹುಡುಕಬೇಕಾದದ್ದು ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿ ಬಟನ್‌ಗಳು. ಯಮಹಾ, ಕ್ಯಾಸಿಯೋದ ಅನೇಕ ಸಾದಾ ಮಾದರಿಗಳಲ್ಲಿ ಇವು ಇರುತ್ತವೆ, ಉಬ್ಬಿಕೊಂಡೂ ಇರುತ್ತವೆ. ಸೌಂಡಿನ ನಂಬರ್ ನೆನಪಿದ್ದರೆ ಹಳೆಯ ಲ್ಯಾಂಡ್‌ಲೈನ್ ಫೋನ್ ಒತ್ತಿದ ಹಾಗೆ ಒತ್ತಿದರಾಯಿತು, ಸ್ಕ್ರೀನಿನ ಗೊಡವೆಯೇ ಇಲ್ಲ. ಅಂಕಿ ಬಟನ್ ತೆಗೆದು ಬರೀ ಡಯಲ್ ಕೊಟ್ಟಿರುವ ಮಾದರಿಗಳೂ ಇವೆ. ನೋಡಲು ಚೆಂದ, ನಿಮ್ಮ ಮಗನಿಗೆ ಬೇಡ.

ಎರಡನೆಯದು ಟ್ರಾನ್ಸ್‌ಪೋಸ್. ಭಜನೆಗೆ ಇದು ಬಹಳ ಮುಖ್ಯ, ಅಲ್ವಾ? ಹಾಡುವವರು ಕೂತ ಮೇಲೆ 'ಇವತ್ತು ಗಂಟಲು ಸರಿಯಿಲ್ಲ, ಕಾಳಿ ದೋನ್ ಬೇಡ, ಕಾಳಿ ಏಕ್ ಇಡಪ್ಪಾ' ಅಂದುಬಿಡುತ್ತಾರೆ, ಅಂದರೆ ಎರಡನೇ ಕಪ್ಪು ಕೀಯ ಬದಲು ಮೊದಲನೆಯದರ ಶ್ರುತಿ. ಹಾರ್ಮೋನಿಯಂ ಅಭ್ಯಾಸ ಇರುವವನು ಬೆರಳು ಬದಲಿಸಿ ನುಡಿಸಬಲ್ಲ, ಆದರೆ ಟ್ರಾನ್ಸ್‌ಪೋಸ್ ಎಲ್ಲಿ ನಿಂತಿದೆ ಅಂತ ಗೊತ್ತಿಲ್ಲದಿದ್ದರೆ ಅವನು ಸರಿಯಾಗಿ ಬಾರಿಸಿದ್ದೂ ತಪ್ಪು ಶ್ರುತಿಯಲ್ಲಿ ಬರುತ್ತದೆ. ಅನೇಕ ಕೀಬೋರ್ಡುಗಳಲ್ಲಿ ಪ್ಲಸ್ ಮತ್ತು ಮೈನಸ್ ಎರಡನ್ನೂ ಒಟ್ಟಿಗೆ ಒತ್ತಿದರೆ ಅದು ಸೊನ್ನೆಗೆ ಬರುತ್ತದೆ. ಅಂಗಡಿಯಲ್ಲೇ ಪರೀಕ್ಷೆ ಮಾಡಿ. ಅಲ್ಲಿಂದ ಎಷ್ಟು ಸಲ ಒತ್ತಿದೆ ಅಂತ ಅವನೇ ಎಣಿಸಿಕೊಳ್ಳುತ್ತಾನೆ. ಹೀಗೆ ಕಣ್ಣುಮುಚ್ಚಿ ತಲುಪಬಹುದಾದ ಒಂದು ಶುರುವಿನ ಜಾಗ ಪ್ರತಿಯೊಂದಕ್ಕೂ ಇರಬೇಕು. ಆಫ್ ಮಾಡಿ ಆನ್ ಮಾಡಿದರೆ ಪ್ರತಿ ಸಲ ಪಿಯಾನೋ ಸೌಂಡಿಗೇ ಬರುತ್ತದೆಯೇ ಅಂತಲೂ ನೋಡಿ, ಬಂದರೆ ಒಳ್ಳೆಯದು.

ಮೂರನೆಯದು ರಿಜಿಸ್ಟ್ರೇಷನ್ ಅಥವಾ ಮೆಮೊರಿ ಬಟನ್. ಸೌಂಡ್, ತಾಳ, ವೇಗ ಎಲ್ಲವನ್ನೂ ಒಂದು ಸಲ ಹೊಂದಿಸಿ ಉಳಿಸಿಟ್ಟರೆ ಆಮೇಲೆ ಒಂದೇ ಒತ್ತಿಗೆ ವಾಪಸ್ ಬರುತ್ತದೆ. ಕಣ್ಣು ಕಾಣುವವರು ಒಬ್ಬರು ಪಕ್ಕದಲ್ಲಿ ಕೂತು ಒಂದು ಭಾನುವಾರ ಇದನ್ನು ಮಾಡಿಕೊಟ್ಟರೆ ಮಂಡಳಿಯ ಹಾಡುಗಳ ಮಟ್ಟಿಗೆ ಅವನು ಯಾರನ್ನೂ ಕರೆಯಬೇಕಿಲ್ಲ. ಯಾವ ಬಟನಿನಲ್ಲಿ ಏನಿದೆ ಅನ್ನುವುದನ್ನು ಅವನೇ ಫೋನಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿಟ್ಟುಕೊಳ್ಳಲಿ.

ಮನೆಗೆ ತಂದ ಮೇಲೆ ಎಲ್ಲ ಬಟನ್‌ಗಳ ಮೇಲೂ ಬ್ರೈಲ್ ಚೀಟಿ ಅಂಟಿಸುವ ಉತ್ಸಾಹ ಬರುತ್ತದೆ. ಬೇಡ, ಎಲ್ಲ ಕಡೆ ಚುಕ್ಕೆ ಇದ್ದರೆ ಯಾವುದೂ ಗುರುತಾಗುವುದಿಲ್ಲ. ಐದರ ಬಟನ್, ಟ್ರಾನ್ಸ್‌ಪೋಸ್, ಮೆಮೊರಿಯ ಮೊದಲನೆಯದು, ಇಷ್ಟಕ್ಕೆ ಒಂದೊಂದು ಉಬ್ಬು ಚುಕ್ಕೆ ಸಾಕು. ಉಳಿದದ್ದನ್ನು ಅವುಗಳಿಂದ ಎಷ್ಟು ದೂರ ಅಂತ ಕೈ ಕಲಿತುಕೊಳ್ಳುತ್ತದೆ. ಕಪ್ಪು-ಬಿಳಿ ಕೀಗಳ ಮೇಲೆ ಏನೂ ಅಂಟಿಸಬೇಡಿ.

ಇದಕ್ಕಿಂತ ಮುಂದೆ ಹೋಗಬೇಕೆಂದರೆ, ಅಂದರೆ ರೆಕಾರ್ಡಿಂಗ್, ಹೊಸ ಸೌಂಡ್ ಕಟ್ಟುವುದು ಇತ್ಯಾದಿ, ಆಗ ಕಂಪ್ಯೂಟರ್ ದಾರಿಯೇ ಸರಿ. ಕೀಬೋರ್ಡಿನ ಸ್ಕ್ರೀನ್ ಮಾತಾಡುವುದಿಲ್ಲ, ಕಂಪ್ಯೂಟರಿನದು ಮಾತಾಡುತ್ತದೆ. ವಿಂಡೋಸ್‌ನಲ್ಲಿ ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರ್, ಅಂದರೆ ಸ್ಕ್ರೀನಿನಲ್ಲಿ ಇರುವುದನ್ನು ಓದಿ ಹೇಳುವ ಸಾಫ್ಟ್‌ವೇರ್, ಉಚಿತ. 2006ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಅಂಧ ಗೆಳೆಯರು ಶುರು ಮಾಡಿದ್ದು, ಕನ್ನಡವನ್ನೂ ಓದುತ್ತದೆ. ಅವರಲ್ಲಿ ಒಬ್ಬರಾದ ಜೇಮ್ಸ್ ಟೆಹ್ ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರಿಗೆ ಒಸಾರಾ ಅನ್ನುವ ಜೋಡಣೆಯನ್ನೂ ಬರೆದಿದ್ದಾರೆ, ಅದೂ ಉಚಿತ. ಐಫೋನ್, ಐಪ್ಯಾಡ್ ಇದ್ದರೆ ಅದರಲ್ಲೇ ಇರುವ ವಾಯ್ಸ್‌ಓವರ್ ಎಂಬ ಸ್ಕ್ರೀನ್ ರೀಡರ್ ಹಾಕಿ ಗ್ಯಾರೇಜ್‌ಬ್ಯಾಂಡ್ ಎಂಬ ಸಂಗೀತದ ಆ್ಯಪ್ ಬಳಸಬಹುದು.

ಇಲ್ಲಿ ಒಂದು ತೊಡಕಿದೆ, ಮೊದಲೇ ಹೇಳಿಬಿಡುತ್ತೇನೆ. ಸ್ಕ್ರೀನ್ ರೀಡರಿನ ದನಿಯೂ ಸಂಗೀತವೂ ಒಂದೇ ತಂತಿಯಲ್ಲಿ ಹೊರಬಂದರೆ ಗಣಪತಿ ಪೆಂಡಾಲಿನ ಸ್ಪೀಕರಿನಲ್ಲಿ ಆರತಿಯ ನಡುವೆ ಕಂಪ್ಯೂಟರ್ ಕೂಡ ಮಾತಾಡುತ್ತದೆ. ಸಂಗೀತಕ್ಕೆ ಬೇರೆ ಆಡಿಯೋ ಇಂಟರ್‌ಫೇಸ್ (ಕಂಪ್ಯೂಟರಿನ ದನಿಯನ್ನು ಸ್ಪೀಕರಿಗೆ ಕಳಿಸುವ ಪೆಟ್ಟಿಗೆ), ದನಿಗೆ ಕಿವಿಯಲ್ಲಿ ವೈರ್ ಇರುವ ಇಯರ್‌ಫೋನ್, ಹೀಗೆ ಬೇರ್ಪಡಿಸಿ. ಬ್ಲೂಟೂತ್ ಬೇಡ, ತಡವಾಗಿ ಕೇಳಿಸುತ್ತದೆ. ಸ್ಕ್ರೀನ್ ರೀಡರ್ ಕಲಿಯಲು ಧೋಬಿ ತಲಾವ್ ಹತ್ತಿರದ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ 2003ರಿಂದ ದೃಷ್ಟಿದೋಷ ಇರುವವರಿಗಾಗಿ ಒಂದು ಕೇಂದ್ರ ಇದೆ, ವಿಚಾರಿಸಿ.

ಮಾತಾಡುವ ಕೀಬೋರ್ಡೇ ಇಲ್ಲವೇ ಅಂತ ಕೇಳಬಹುದು. ನೇಟಿವ್ ಇನ್‌ಸ್ಟ್ರುಮೆಂಟ್ಸ್‌ನ ಕಂಪ್ಲೀಟ್ ಕಂಟ್ರೋಲ್ ಎಸ್ ಸರಣಿಯಲ್ಲಿ ನಾಬ್ ಮುಟ್ಟಿದರೆ ಸಾಕು, ಅದು ಏನು ಅಂತ ಕಂಪ್ಯೂಟರ್ ಹೇಳುತ್ತದೆ. ಆದರೆ ಇದು ಬರೀ ಕಂಟ್ರೋಲರ್. ಕಂಪ್ಯೂಟರ್ ಇಲ್ಲದೆ ಅದಕ್ಕೆ ದನಿಯಿಲ್ಲ, ಬೆಲೆಯೂ ಜಾಸ್ತಿ. ನನಗೆ ಸಿಟ್ಟು ಬರುವುದು ಇಲ್ಲೇ. ಕರ್ಜ್‌ವೈಲ್ ಕೀಬೋರ್ಡ್ ಕಂಪನಿ 1982ರಲ್ಲಿ ಹುಟ್ಟಿದ್ದೇ ಅಂಧ ಗಾಯಕ ಸ್ಟೀವಿ ವಂಡರ್ ಜೊತೆಗಿನ ಮಾತುಕತೆಯಿಂದ. ಇಷ್ಟು ವರ್ಷ ಆದ ಮೇಲೂ ನಮ್ಮ ಅಂಗಡಿಗಳಲ್ಲಿ ಸಿಗುವ ಸಾದಾ ಕೀಬೋರ್ಡ್ ತನ್ನ ಸೌಂಡಿನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಸಾವಿರ ವಾದ್ಯಗಳ ದನಿ ತುಂಬಿದವರಿಗೆ ಹತ್ತು ಅಂಕಿಗಳ ದನಿ ತುಂಬುವುದು ಕಷ್ಟವೇ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 43ನೇ ಸೆಕ್ಷನ್ ಎಲ್ಲರೂ ಬಳಸುವಂಥ ವಸ್ತುಗಳ ತಯಾರಿಕೆಗೆ ಸರ್ಕಾರ ಉತ್ತೇಜನ ಕೊಡಬೇಕು ಅನ್ನುತ್ತದೆ. ಕೊಂಡ ಮೇಲೆ ಕಂಪನಿಗೆ ಒಂದು ಇಮೇಲ್ ಬರೆಯಿರಿ, ಕೇಳುವವರೇ ಇಲ್ಲ ಅನ್ನುವ ನೆಪ ಅವರಿಗೆ ಸಿಗಬಾರದು.

ಸೆಕೆಂಡ್‌ಹ್ಯಾಂಡ್ ತಗೊಳ್ಳಬಹುದೇ ಅಂದರೆ, ಧಾರಾಳವಾಗಿ. ಹಳೆಯ ಮಾದರಿಗಳಲ್ಲೇ ಬಟನ್ ಜಾಸ್ತಿ. ಆದರೆ ಅಂಕಿ ಬಟನ್‌ಗಳನ್ನು ಒಂದೊಂದಾಗಿ ಒತ್ತಿ ನೋಡಿ. ಒಳಗಿನ ರಬ್ಬರ್ ಸವೆದಿದ್ದರೆ ಒಮ್ಮೆ ಒತ್ತಿದ್ದು ಎರಡು ಸಲ ಬೀಳುತ್ತದೆ, ಇಲ್ಲವೇ ಬೀಳುವುದೇ ಇಲ್ಲ. ಕಣ್ಣಿದ್ದವರು ಸ್ಕ್ರೀನ್ ನೋಡಿ ತಿದ್ದಿಕೊಳ್ಳುತ್ತಾರೆ, ಅವನಿಗೆ ಅದು ತಿಳಿಯುವುದು ಹಾಡು ಶುರುವಾದ ಮೇಲೆ.